ಏಳೂವರೆಗೆ ಒಲೆ ಹಚ್ಚುವ ತಿಂಡಿ ಹೋಟೆಲು: ಪ್ರೌಢಶಾಲೆಯೊಂದರ ಎದುರಿನ ಅಂಗಡಿಯ ವಿಮರ್ಶೆ

ಈ ಹೋಟೆಲಿಗೆ ಬೋರ್ಡು ಇಲ್ಲ. ತಿಪಟೂರು ಸೀಮೆಯ ಹೋಬಳಿ ಕೇಂದ್ರವೊಂದರಲ್ಲಿ ನಾನು ವಿಜ್ಞಾನ ಕಲಿಸುವ ಪ್ರೌಢಶಾಲೆಯ ಗೇಟಿನಿಂದ ರಸ್ತೆ ದಾಟಿದರೆ ಶೀಟು ಹೊದಿಸಿದ ಒಂದು ಅಂಕಣ, ಮೂರು ಬೆಂಚು, ಒಂದು ಗಲ್ಲಾ ಪೆಟ್ಟಿಗೆ, ಹಿಂದೆ ಸೌದೆ ಒಲೆ ಮತ್ತು ಒಂದು ಗ್ಯಾಸ್ ಒಲೆ, ಇಷ್ಟೇ ಹೋಟೆಲು. ನಡೆಸುವವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಮತ್ತು ಅವರ ಸೊಸೆ. ಮಕ್ಕಳು ಅವರನ್ನು ಅಕ್ಕ ಎಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ಕಳೆದ ಒಂದು ವರ್ಷದಿಂದ ವಾರದಲ್ಲಿ ಮೂರು ದಿನವಾದರೂ ನನ್ನ ಬೆಳಗಿನ ತಿಂಡಿ ಇಲ್ಲಿಯೇ ಆಗಿರುವುದರಿಂದ ರುಚಿಯ ಬಗ್ಗೆ ಹೇಳಲು ನನಗೆ ಅಧಿಕಾರವಿದೆ. ಆದರೆ ಈ ವಿಮರ್ಶೆಯನ್ನು ಬರೆಯಲು ಕೂತದ್ದು ರುಚಿಗಾಗಿ ಅಲ್ಲ. ಹೈಸ್ಕೂಲು ಮಕ್ಕಳಿಗೆ ತಿಂಡಿ ಕೊಡುವ ಜಾಗವೊಂದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಗೆ ಈ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಕಂಡುಕೊಂಡ ಉತ್ತರ ನನ್ನ ಮೊದಲಿನ ಉತ್ತರಕ್ಕಿಂತ ಬೇರೆಯಾಗಿತ್ತು, ಅದಕ್ಕಾಗಿ.

ಮೊದಲು ತಿಂಡಿಯ ವಿಚಾರವನ್ನೇ ಹೇಳಿಬಿಡುತ್ತೇನೆ. ದಿನವೂ ಇರುವುದು ತಟ್ಟೆ ಇಡ್ಲಿ; ಅದರ ಜೊತೆಗೆ ಸರದಿಯಂತೆ ಚಿತ್ರಾನ್ನ, ಉಪ್ಪಿಟ್ಟು ಅಥವಾ ಒಗ್ಗರಣೆ ಅವಲಕ್ಕಿ; ಬುಧವಾರ ಮಾತ್ರ ಅಕ್ಕಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ. ತಟ್ಟೆ ಇಡ್ಲಿ ಕ್ಯಾತ್ಸಂದ್ರದ ಹೆಸರಾಂತ ಇಡ್ಲಿಯಷ್ಟು ಹತ್ತಿಯಂತೆ ಇರುವುದಿಲ್ಲ, ಸ್ವಲ್ಪ ಗಟ್ಟಿ. ಅಕ್ಕನನ್ನು ಕೇಳಿದರೆ ಉದ್ದು ಕಡಿಮೆ ಹಾಕಿ ಸೋಡಾದಿಂದ ಉಬ್ಬಿಸುವುದು ತಮಗೆ ಗೊತ್ತಿಲ್ಲದ ವಿದ್ಯೆಯಲ್ಲ, ಆದರೆ ಹಾಗೆ ಮಾಡಿದರೆ ಮಕ್ಕಳಿಗೆ ಹನ್ನೊಂದು ಗಂಟೆಗೇ ಮತ್ತೆ ಹಸಿವಾಗುತ್ತದೆ ಎನ್ನುತ್ತಾರೆ. ಅವರ ಮಾತಿನಲ್ಲಿ ಪಾಠಪುಸ್ತಕದ ಅಂಶವೂ ಇದೆ. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಉದ್ದಿನಲ್ಲಿ ಧಾರಾಳವಾಗಿದೆ, ಉದ್ದಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಎಂಬ ಇನ್ನೊಂದು ಘಟಕ ಅಕ್ಕಿಯಲ್ಲಿದೆ. ಎರಡೂ ಸೇರಿ ರಾತ್ರಿಯಿಡೀ ಹುದುಗು ಬಂದಾಗ ಧಾನ್ಯದೊಳಗೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ, ಇದ್ದ ಅಲ್ಪ ಕಬ್ಬಿಣವಾದರೂ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಹಿಟ್ಟು ಹುಯ್ಯುವುದು ಬಿಳಿ ಬಟ್ಟೆಯ ಮೇಲೆ. 2025ರ ಆರಂಭದಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದರ ಬಗ್ಗೆ ರಾಜ್ಯದಲ್ಲಿ ದೊಡ್ಡ ಗದ್ದಲವಾಗಿ ಸರ್ಕಾರ ಅದನ್ನು ನಿಷೇಧಿಸಿದಾಗ, ನಾನು ಕೆಟ್ಟ ಕುತೂಹಲದಿಂದ ಅಡುಗೆಮನೆಗೆ ಇಣುಕಿ ನೋಡಿದ್ದೆ. ಅಲ್ಲಿ ದಾರಕ್ಕೆ ಒಣಹಾಕಿದ ಬಟ್ಟೆಗಳ ಸಾಲನ್ನು ನೋಡಿ ನನಗೇ ನಾಚಿಕೆಯಾಯಿತು.

ಚಟ್ನಿಗೆ ತೆಂಗಿನಕಾಯಿಯ ಬರವಿಲ್ಲ. ಕೊಬ್ಬರಿಯ ಊರಿನ ಪಕ್ಕದಲ್ಲಿದ್ದು ಚಟ್ನಿಗೆ ಹುರಿಗಡಲೆ ತುಂಬಿದರೆ ಗಿರಾಕಿಗಳು ಸುಮ್ಮನಿರುವುದಿಲ್ಲ. ಚಿತ್ರಾನ್ನದಲ್ಲಿ ಕಡಲೆಕಾಯಿ ಬೀಜ ಕೈಗೆ ಸಿಗುವಷ್ಟು ಇರುತ್ತದೆ, ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುತ್ತಾರೆ. ವಿಟಮಿನ್ ಸಿ ಬಿಸಿಗೆ ನಾಶವಾಗುವುದರಿಂದ ಈ ಕ್ರಮ ಸರಿಯಾದುದು. ಬಡಿಸುವುದು ಮುತ್ತುಗದ ಎಲೆಯಲ್ಲಿ. ಒಟ್ಟಿನಲ್ಲಿ ನನ್ನ ನಾಲಿಗೆಯ ತೀರ್ಪು: ಇಡ್ಲಿ ಒಳ್ಳೆಯದು, ಬುಧವಾರದ ರೊಟ್ಟಿ ಬಹಳ ಒಳ್ಳೆಯದು, ಉಪ್ಪಿಟ್ಟು ಎಲ್ಲ ಹೋಟೆಲುಗಳ ಉಪ್ಪಿಟ್ಟಿನಂತೆ.

ದರ ಎರಡು ಬಗೆ. ಊರಿನವರಿಗೆ ಇಪ್ಪತ್ತು ರೂಪಾಯಿಗೆ ಮಾರುವ ತಟ್ಟೆ ಇಡ್ಲಿ ಸಮವಸ್ತ್ರ ತೊಟ್ಟವರಿಗೆ ಹನ್ನೆರಡು ರೂಪಾಯಿ. ಆ ರಿಯಾಯಿತಿಗಿಂತಲೂ ನನಗೆ ಮುಖ್ಯವಾಗಿ ಕಂಡದ್ದು ಗಲ್ಲಾದ ಪಕ್ಕದಲ್ಲಿ ನೇತುಹಾಕಿರುವ ವರ್ತನೆಯ ಪುಸ್ತಕ. ಹಳ್ಳಿಯಿಂದ ಬರುವ ಮಕ್ಕಳ ಹೆಸರಿನ ಮುಂದೆ ಅಕ್ಕನ ಸೊಸೆ ದಿನವೂ ಒಂದು ಗೀಟು ಹಾಕುತ್ತಾಳೆ, ಮನೆಯವರು ಡೇರಿಯ ಬಟವಾಡೆಯಾದಾಗ ಬಂದು ಲೆಕ್ಕ ತೀರಿಸುತ್ತಾರೆ. ಇದರಿಂದ ಆಗುವ ಲಾಭ ಸಾಲದ ಸೌಲಭ್ಯ ಮಾತ್ರವಲ್ಲ. ಮಗುವಿನ ಕೈಗೆ ಹಣ ಬರುವುದಿಲ್ಲ. ಬೆಳಗಿನ ತಿಂಡಿಗೆಂದು ಕೊಟ್ಟ ಇಪ್ಪತ್ತು ರೂಪಾಯಿ ಬಸ್‌ಸ್ಟ್ಯಾಂಡಿನಲ್ಲಿ ಚಿಪ್ಸ್ ಪೊಟ್ಟಣವಾಗಿಯೋ ಬಣ್ಣದ ಪಾನೀಯವಾಗಿಯೋ ಮಾರ್ಪಡುವ ದಾರಿಯೇ ಮುಚ್ಚಿಹೋಗುತ್ತದೆ. ಗೀಟು ಬೀಳದ ದಿನ ಅಕ್ಕ ಪ್ರಾರ್ಥನೆಗೆ ಮೊದಲೇ ಗೇಟಿನ ಬಳಿ ನಿಂತು, "ಯಾಕೋ, ಇವತ್ತು ತಿನ್ನಲಿಲ್ಲ?" ಎಂದು ಕೇಳುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಈ ಹೋಟೆಲಿನ ನಿಜವಾದ ಹೆಚ್ಚುಗಾರಿಕೆ ಅದರ ಸಮಯ. ನಮ್ಮ ಮಕ್ಕಳ ಬೆಳಗನ್ನು ತಿಳಿಯದವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಹತ್ತನೆಯ ತರಗತಿಯವರಿಗೆ ವಿಶೇಷ ತರಗತಿ ಎಂಟೂವರೆಗೆ ಶುರುವಾಗುತ್ತದೆ. ಸುತ್ತಲ ಹಳ್ಳಿಗಳಿಂದ ಆ ಹೊತ್ತಿಗೆ ತಲುಪಬಹುದಾದ ಬಸ್ಸು ಒಂದೇ, ಅದನ್ನು ಹಿಡಿಯಲು ಮಗು ಏಳು ಗಂಟೆಗೆ ಮನೆ ಬಿಡಬೇಕು. ಅದಕ್ಕೂ ಮೊದಲು ಹಸುವಿನ ಹಾಲು ಕರೆದು ಡೇರಿಗೆ ಹಾಕಿ ಬರುವ ಕೆಲಸ ಬಹಳಷ್ಟು ಮನೆಗಳಲ್ಲಿ ಮಕ್ಕಳದೇ. ತಾಯಿ ಗಾರ್ಮೆಂಟ್ಸ್ ವ್ಯಾನಿಗೋ ತೋಟದ ಕೂಲಿಗೋ ಹೊರಡುವ ಗಡಿಬಿಡಿಯಲ್ಲಿ ಮಧ್ಯಾಹ್ನಕ್ಕೂ ರಾತ್ರಿಗೂ ಒಟ್ಟಿಗೆ ಆಗುವಂತೆ ಸಾರು ಮಾಡಿಟ್ಟಿರುತ್ತಾಳೆಯೇ ಹೊರತು ಏಳು ಗಂಟೆಯ ತಿಂಡಿ ಎಂಬುದು ಆ ಮನೆಯ ದಿನಚರಿಯಲ್ಲಿ ಇರುವುದಿಲ್ಲ. ಹಿಂದಿನ ರಾತ್ರಿ ಎಂಟೂವರೆಗೆ ಮುದ್ದೆ ಉಂಡ ಮಗು ಮಾರನೆಯ ದಿನ ಮಧ್ಯಾಹ್ನ ಒಂದೂವರೆಯ ಬಿಸಿಯೂಟದವರೆಗೆ ಹೊಟ್ಟೆ ತುಂಬ ಏನನ್ನೂ ಕಾಣದೆ ಇದ್ದರೆ ಹದಿನೇಳು ಗಂಟೆ ಆಗುತ್ತದೆ. ಬೆಳಗಿನ ತಿಂಡಿ ಬಿಡುವುದು ಹದಿಹರೆಯದವರ ಸೋಮಾರಿತನ ಎಂದು ಪೋಷಕರ ಸಭೆಯಲ್ಲಿ ಉಪದೇಶ ಮಾಡುತ್ತಿದ್ದವಳು ನಾನೇ. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು ನೋಡಿದ ಮೇಲೆ ಆ ಉಪದೇಶವನ್ನು ನಿಲ್ಲಿಸಿದೆ.

ತಿಂಡಿ ಬಿಡುವ ಮಕ್ಕಳಲ್ಲಿ ಇತರ ಕೆಟ್ಟ ಅಭ್ಯಾಸಗಳೂ ಹೆಚ್ಚು ಎಂಬ ಮಾತು ಆಗಾಗ ಕೇಳಿಬರುತ್ತದೆ, ಮತ್ತು ಅದು ಗಾಳಿಮಾತಲ್ಲ. ಫಿನ್ಲೆಂಡಿನಲ್ಲಿ ಹದಿನಾರು ವರ್ಷದ ಅವಳಿ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಸೇರಿಸಿಕೊಂಡು ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೆಳಗಿನ ತಿಂಡಿ ಬಿಡುವವರಲ್ಲಿ ಧೂಮಪಾನ, ಮದ್ಯಪಾನ ಮತ್ತು ವ್ಯಾಯಾಮದ ಕೊರತೆ ಹೆಚ್ಚಾಗಿ ಕಂಡುಬರುತ್ತದೆ ಎಂದು ತೋರಿಸಿತು. ಆದರೆ ಅದೇ ಅಧ್ಯಯನದಲ್ಲಿ ಮಗು ತಿಂಡಿ ತಿನ್ನುತ್ತದೆಯೇ ಇಲ್ಲವೇ ಎಂಬುದರೊಂದಿಗೆ ಎಲ್ಲಕ್ಕಿಂತ ಬಲವಾಗಿ ಬೆಸೆದುಕೊಂಡಿದ್ದ ಅಂಶ ತಂದೆತಾಯಿಗಳು ತಿಂಡಿ ತಿನ್ನುತ್ತಾರೆಯೇ ಎಂಬುದು. ಇಡ್ಲಿ ತಿಂದರೆ ಸಿಗರೇಟು ಬಿಡುತ್ತಾರೆ ಎಂದು ಇದರಿಂದ ಯಾರೂ ತೀರ್ಮಾನಿಸಬಾರದು. ಎರಡು ಸಂಗತಿಗಳು ಜೊತೆಯಾಗಿ ಕಾಣಿಸಿಕೊಳ್ಳುವುದು ಬೇರೆ, ಒಂದರಿಂದ ಇನ್ನೊಂದು ಹುಟ್ಟುವುದು ಬೇರೆ. ನನ್ನ ಕಣ್ಣಿಗೆ ಕಾಣುವುದು ಇಷ್ಟು: ತಂದೆ ಬೆಳಗ್ಗೆ ಸರ್ಕಲ್ಲಿನಲ್ಲಿ ಟೀ ಮತ್ತು ಬೀಡಿಯಿಂದ ದಿನ ಆರಂಭಿಸುವ, ತಾಯಿ ಎಲ್ಲರ ಕೆಲಸ ಮುಗಿಸಿ ಹತ್ತು ಗಂಟೆಗೆ ತಂಗಳು ತಿನ್ನುವ ಮನೆಯಲ್ಲಿ, ಮಗು ಮಾತ್ರ ಕೂತು ತಿಂಡಿ ತಿನ್ನಬೇಕೆಂದು ನಾವು ಬಯಸುತ್ತಿದ್ದೇವೆ. ಇನ್ನು ಓದಿನ ವಿಷಯಕ್ಕೆ ಬಂದರೆ, ಜಮೈಕಾದಲ್ಲಿ ನಡೆದು 1989ರಲ್ಲಿ ವರದಿಯಾದ ಪ್ರಯೋಗವೊಂದರಲ್ಲಿ ತಿಂಡಿ ತಪ್ಪಿದ ದಿನ ಬುದ್ಧಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರು ಮುಖ್ಯವಾಗಿ ಪೋಷಣೆ ಕಡಿಮೆಯಿದ್ದ ಮಕ್ಕಳು. ಚೆನ್ನಾಗಿ ಉಂಡು ಬೆಳೆದ ಮಕ್ಕಳಿಗೆ ಅಷ್ಟು ಪೆಟ್ಟು ಬೀಳಲಿಲ್ಲ. ತಿಂಡಿ ಎಂಬುದು ಯಾರಿಗೆ ಹೆಚ್ಚು ಬೇಕೋ ಅವರಿಗೇ ಹೆಚ್ಚು ತಪ್ಪುತ್ತದೆ ಎಂಬುದನ್ನು ತಿಳಿಯಲು ಜಮೈಕಾಗೆ ಹೋಗಬೇಕಾಗಿಲ್ಲ, ನಮ್ಮ ಪ್ರಾರ್ಥನೆಯ ಸಾಲಿನಲ್ಲಿ ಬಿಸಿಲಿಗೆ ತಲೆಸುತ್ತಿ ಕುಸಿಯುವವರು ಯಾರು ಎಂದು ನೋಡಿದರೆ ಸಾಕು.

ಸರ್ಕಾರಿ ಶಾಲೆಗಳಲ್ಲಿ ಬೆಳಗಿನ ಹಾಲು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಮತ್ತು ಅದು ದೊಡ್ಡ ಕೆಲಸ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಕೆನೆಭರಿತ ಹಾಲಿನ ಪುಡಿಯಿಂದ ಕಾಯಿಸಿದ 150 ಮಿಲಿಲೀಟರ್ ಹಾಲು ಸಿಗುತ್ತದೆ. 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಸೇರಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಮೂಳೆ ಬೆಳೆಯುವ ವಯಸ್ಸಿಗೆ ಇದಕ್ಕಿಂತ ಹೊಂದುವ ಜೋಡಿ ಇಲ್ಲ. ಕೇಂದ್ರದ ಪೋಷಣ್ ಯೋಜನೆ ಎಂಟನೆಯ ತರಗತಿಗೆ ನಿಲ್ಲುವಾಗ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೂ ಊಟವನ್ನು ವಿಸ್ತರಿಸಿರುವುದು ಕರ್ನಾಟಕ ತನ್ನ ಸ್ವಂತ ಖರ್ಚಿನಲ್ಲಿ. ಪಕ್ಕದ ತಮಿಳುನಾಡು 2022ರ ಸೆಪ್ಟೆಂಬರ್ 15ರಂದು ಮದುರೈಯಲ್ಲಿ ಆರಂಭಿಸಿದ ಮುಖ್ಯಮಂತ್ರಿಗಳ ತಿಂಡಿ ಯೋಜನೆ ಬಿಸಿ ಉಪ್ಪಿಟ್ಟು, ಪೊಂಗಲ್‌ಗಳನ್ನೇ ಕೊಡುತ್ತದೆ, ಆದರೆ ಅದು ಒಂದರಿಂದ ಐದನೆಯ ತರಗತಿಯವರಿಗೆ. ಬೆಳಗ್ಗೆ ಪೌಷ್ಟಿಕ ತಿಂಡಿಯ ನಂತರದ ಗಂಟೆಗಳು ಕಠಿಣ ವಿಷಯಗಳ ಕಲಿಕೆಗೆ ಹೆಚ್ಚು ಫಲಕಾರಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ನಮ್ಮಲ್ಲಿ ಹಾಲು ಮಕ್ಕಳ ಕೈಗೆ ಬರುವುದು ಪ್ರಾರ್ಥನೆ ಮುಗಿದ ಮೇಲೆ. ಎಂಟೂವರೆಯ ವಿಶೇಷ ತರಗತಿಯಲ್ಲಿ ನಾನು ವಿದ್ಯುತ್ ಮಂಡಲ ಬಿಡಿಸುವಾಗ ಅವರ ಹೊಟ್ಟೆಯಲ್ಲಿ ಅದು ಇರುವುದಿಲ್ಲ. ಆ ಒಂದೂವರೆ ಗಂಟೆಯ ಸಂದನ್ನು ತುಂಬುತ್ತಿರುವುದು ರಸ್ತೆಯ ಆಚೆಯ ಶೀಟಿನ ಅಂಕಣ.

ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದಕ್ಕಾಗಿ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತೇವೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ಒಮ್ಮೆ ಹಾಗಾದ ಹುಡುಗಿ ಮುಂದಿನ ವಾರ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ನಲ್ಲಿಯ ಬಳಿ ಉಗುಳುತ್ತಾಳೆ, ಮತ್ತು ನಾವು ಹಾಜರಿಯಲ್ಲಿ ಕೊಟ್ಟಿದ್ದೇವೆಂದು ಬರೆಯುತ್ತೇವೆ. ಬೆಳಗ್ಗೆ ತಿಂದು ಬಂದವರಿಗೆ ಈ ತೊಂದರೆ ಬಹಳ ಕಡಿಮೆ. ತಿಂಡಿ ಬಿಡಲು ಹುಡುಗಿಯರಿಗೆ ಇರುವ ಇನ್ನೊಂದು ಕಾರಣವನ್ನು ಅವರು ಗಂಡು ಮೇಷ್ಟ್ರುಗಳ ಮುಂದೆ ಹೇಳುವುದಿಲ್ಲ: ತಿಂದು ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಬಸ್‌ಸ್ಟ್ಯಾಂಡಿನ ಮತ್ತು ಬಹಳಷ್ಟು ಶಾಲೆಗಳ ಶೌಚಾಲಯಗಳಿಗೆ ಹೋಗುವುದಕ್ಕಿಂತ ಹಸಿದಿರುವುದೇ ವಾಸಿ ಎಂಬುದು ಅವರ ಲೆಕ್ಕ. ಅಕ್ಕ ತಮ್ಮ ಮನೆಯ ಹಿಂದಿನ ಶೌಚಾಲಯದ ಬೀಗದ ಕೈಯನ್ನು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ, ಹುಡುಗಿಯರು ಕೇಳದೆಯೇ ತೆಗೆದುಕೊಂಡು ಹೋಗುತ್ತಾರೆ. ಹೋಟೆಲಿನ ಸೇವೆಗಳಲ್ಲಿ ಇದನ್ನು ನಾನು ತಟ್ಟೆ ಇಡ್ಲಿಗಿಂತ ಮೇಲೆ ಇಡುತ್ತೇನೆ.

ಇನ್ನು ಆಕ್ಷೇಪಗಳು. ಮೊದಲನೆಯದು ಟೀ. ಇಡ್ಲಿಯ ಜೊತೆಗೇ ಮಕ್ಕಳಿಗೆ ಅರ್ಧ ಲೋಟ ಸಿಹಿ ಟೀ ಕೊಡುವ ಪದ್ಧತಿ ಇದೆ, ಪುಕ್ಕಟೆಯಾಗಿ. ಟೀಯ ಟ್ಯಾನಿನ್ ಧಾನ್ಯ ಬೇಳೆಗಳ ಕಬ್ಬಿಣವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವುದರಿಂದ, ರಕ್ತಹೀನತೆಯಿರುವ ಹುಡುಗಿಗೆ ಊಟದ ಜೊತೆ ಕೊಡಬಾರದ ಪಾನೀಯ ಯಾವುದಾದರೂ ಇದ್ದರೆ ಅದು ಇದೇ. ನಾನು ಇದನ್ನು ವಿವರಿಸಿದಾಗ ಅಕ್ಕ ಗಮನವಿಟ್ಟು ಕೇಳಿ, "ಆದ್ರೂ ಮೇಡಂ, ಚಳೀಲಿ ಬಂದಿರ್ತವೆ" ಎಂದು ಮಾತು ಮುಗಿಸಿದರು. ಟೀ ಮುಂದುವರಿದಿದೆ.

ಎರಡನೆಯದು ಸಂಜೆಯ ಎಣ್ಣೆ. ಬೆಳಗಿನ ತಿಂಡಿಯಲ್ಲಿ ಕರಿದದ್ದು ಇಲ್ಲ, ಆದರೆ ನಾಲ್ಕು ಗಂಟೆಯ ಮೇಲೆ ಬೋಂಡ, ಮೆಣಸಿನಕಾಯಿ ಬಜ್ಜಿ ಶುರುವಾಗುತ್ತದೆ ಮತ್ತು ಬಾಣಲೆಯ ಎಣ್ಣೆಯ ಬಣ್ಣ ಗುರುವಾರದ ಹೊತ್ತಿಗೆ ಬೆಲ್ಲದ ಪಾಕದಂತೆ ಆಗಿರುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಕೆಟ್ಟಂತೆಲ್ಲ ಅದರಲ್ಲಿ ಹೆಚ್ಚುವ ವಸ್ತುಗಳು, ಶೇಕಡ 25 ಮೀರಿದರೆ ಅದನ್ನು ಬಳಸಬಾರದು ಎಂಬ ನಿಯಮ ಇದೆ. ಹೋಬಳಿಯ ಹೋಟೆಲಿನಲ್ಲಿ ಅದನ್ನು ಅಳೆಯುವ ಸಾಧನ ಇರುವುದಿಲ್ಲ ನಿಜ, ಆದರೆ ಮೂಗು ಇರುತ್ತದೆ. ಬೆಳಗ್ಗೆ ಇಷ್ಟು ಜತನ ಮಾಡುವವರು ಸಂಜೆ ಹೀಗೇಕೆ ಎಂದು ನನಗೆ ಅರ್ಥವಾಗಿಲ್ಲ. ಕುಡಿಯುವ ನೀರಿನ ಡ್ರಮ್ಮಿಗೆ ಒಂದೇ ಲೋಟ ಇರುವುದೂ, ಕೈ ತೊಳೆಯುವ ಜಾಗದಲ್ಲಿ ಸೋಪು ವಾರದಲ್ಲಿ ಎರಡು ದಿನ ಮಾತ್ರ ಕಾಣಿಸಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತವೆ. ಒಂಬತ್ತು ಗಂಟೆಯ ಮೇಲೆ ಹೋದರೆ ಚಟ್ನಿ ನೀರಾಗಿರುತ್ತದೆ ಎಂಬುದು ಮಕ್ಕಳ ದೂರು, ನನ್ನದಲ್ಲ.

ಮೂರನೆಯ ಆಕ್ಷೇಪ ಬಾಗಿಲಲ್ಲೇ ನಿಂತಿರುವ ಫ್ರಿಜ್ಜಿನ ಮೇಲೆ. ಪಾನೀಯದ ಕಂಪನಿಯೊಂದು ಕೊಟ್ಟ ಆ ಗಾಜಿನ ಬಾಗಿಲಿನ ಪೆಟ್ಟಿಗೆಯಲ್ಲಿ ಇಪ್ಪತ್ತು ರೂಪಾಯಿಯ ಕೆಂಪು ಎನರ್ಜಿ ಡ್ರಿಂಕ್ ಬಾಟಲಿಗಳೂ ಇರುತ್ತವೆ. ಕೆಫೀನ್ ಬೆರೆಸಿದ ಪಾನೀಯಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಲು ನಿಯಮ ಅವಕಾಶ ಕೊಡುತ್ತದೆ, ಮಕ್ಕಳಿಗೆ ಸೂಕ್ತವಲ್ಲ ಎಂದು ಬಾಟಲಿಯ ಮೇಲೆಯೇ ಬರೆದಿರಬೇಕು. ಆ ಬರಹ ಎಷ್ಟು ಸಣ್ಣದೆಂದರೆ ನಮ್ಮ ಪ್ರಯೋಗಾಲಯದ ಪೀನ ಮಸೂರದಿಂದ ಮಕ್ಕಳಿಗೆ ಓದಿಸಿದ್ದೇನೆ. ಹಸಿದ ಹೊಟ್ಟೆಗೆ ಇದನ್ನು ಕುಡಿದ ಹುಡುಗನಿಗೆ ಎದೆ ಬಡಿತ ಹೆಚ್ಚಿ ಕೈ ನಡುಗುವುದನ್ನು ಅವನು ಶಕ್ತಿ ಬಂತೆಂದು ತಿಳಿಯುತ್ತಾನೆ. ಶಾಲೆಯ ಗೇಟಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಮಕ್ಕಳಿಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ, ಮತ್ತು ಈ ಫ್ರಿಜ್ಜು ಆ ಅಳತೆಯ ಒಳಗೇ ನಿಂತಿದೆ. ತೆಗೆಸಿಬಿಡಿ ಎಂದು ಕೇಳಿದ್ದಕ್ಕೆ ಅಕ್ಕ ಕೊಟ್ಟ ಉತ್ತರ ಪ್ರಾಮಾಣಿಕವಾಗಿತ್ತು: ಹನ್ನೆರಡು ರೂಪಾಯಿಯ ಇಡ್ಲಿಯಲ್ಲಿ ಉಳಿಯದ್ದು ಆ ಬಾಟಲಿಯಲ್ಲಿ ಉಳಿಯುತ್ತದೆ. ಈಗ ಅವರು ಸಮವಸ್ತ್ರದವರಿಗೆ ಅದನ್ನು ಮಾರುವುದಿಲ್ಲ ಎನ್ನುತ್ತಾರೆ. ಬೆಳಗಿನ ಹೊತ್ತು ಇದು ನಿಜ. ಸಂಜೆ ಸಮವಸ್ತ್ರ ಬದಲಿಸಿ ಬಂದವರ ವಿಚಾರ ನಾನು ಹೇಳಲಾರೆ.

ಆದರೆ ಮಾಲೆಮಾಲೆಯಾಗಿ ಜೋತಾಡುವ ಪಾನ್ ಮಸಾಲ ಚೀಟಿಗಳು ಇಲ್ಲಿಲ್ಲ ಎಂಬುದನ್ನು ಅವರ ಲೆಕ್ಕಕ್ಕೆ ಜಮೆ ಮಾಡಬೇಕು. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿದೆ, ವಿದ್ಯಾಸಂಸ್ಥೆಗಳ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಕೇಂದ್ರ ಕಾಯ್ದೆ 2003ರದು. ಆದರೂ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಎಂದು ಬಿಡಿಯಾಗಿ ಮಾರಿ, ಬಾಯೊಳಗೆ ಬೆರೆಸಿಕೊಳ್ಳುವ ಉಪಾಯ ಎಲ್ಲರಿಗೂ ಗೊತ್ತಿದೆ. ನಮ್ಮದು ಅಡಿಕೆ ತೋಟಗಳ ಸೀಮೆ. ಸುಲಿಯುವ ಹಂಗಾಮಿನಲ್ಲಿ ಹುಡುಗರ ಜೇಬಿನಲ್ಲಿ ಹೋಳು ಇರುವುದನ್ನು ಮನೆಯವರೂ ತಪ್ಪೆಂದು ತಿಳಿಯುವುದಿಲ್ಲ. ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದ್ದನ್ನು ಹೇಳಿದರೆ ನನ್ನನ್ನು ಬೆಳೆಗಾರರ ವಿರೋಧಿ ಎಂದು ನೋಡುತ್ತಾರೆ. ತಂಬಾಕಿನ ನಿಕೊಟಿನ್ ಹಸಿವನ್ನು ಮಂಕು ಮಾಡುತ್ತದೆ, ಅಂದರೆ ತಿಂಡಿ ತಪ್ಪಿದವನಿಗೆ ಅದು ತಾತ್ಕಾಲಿಕ ತಿಂಡಿಯಾಗಿಯೇ ಒದಗುತ್ತದೆ. ಐದು ರೂಪಾಯಿಯ ಚೀಟಿಗೂ ಹನ್ನೆರಡು ರೂಪಾಯಿಯ ಇಡ್ಲಿಗೂ ನಡುವಿನ ಸ್ಪರ್ಧೆಯಲ್ಲಿ ಇಡ್ಲಿ ಗೆಲ್ಲಬೇಕಾದರೆ ಅದು ಬಸ್ಸಿಳಿದ ಕೂಡಲೇ, ಬಿಸಿಯಾಗಿ, ಕೈಯಲ್ಲಿ ಕಾಸಿಲ್ಲದಿದ್ದರೂ ಸಿಗುವಂತಿರಬೇಕು.

ಅಕ್ಕನಿಗೆ ನಾನು ಕೊಟ್ಟ ಸಲಹೆಗಳು ಮೂರು: ವಾರದಲ್ಲಿ ಎರಡು ದಿನ ಹೆಸರುಕಾಳಿನ ಉಸಲಿ ಮಾಡುವುದು, ಟೀಯ ಬದಲು ಬೆಲ್ಲ ಹಾಕಿದ ರಾಗಿ ಅಂಬಲಿ ಕೊಡುವುದು, ಶನಿವಾರ ಬೇಗ ತೆರೆಯುವುದು. ಉಸಲಿ ಎರಡು ವಾರ ನಡೆದು ನಿಂತಿತು, ಮಕ್ಕಳು ಎಲೆಯಲ್ಲೇ ಬಿಟ್ಟರು. ಅಂಬಲಿಯ ಮಾತನ್ನು ಅವರು ನಕ್ಕು ತೇಲಿಸಿದರು. ಮನೆಯಲ್ಲಿ ಸಿಗುವುದಕ್ಕೆ ಹೋಟೆಲಿನಲ್ಲಿ ಯಾರು ಬಾಯಿ ಹಾಕುತ್ತಾರೆ ಎಂಬುದು ಅವರ ವಾದ, ಮನೆಯಲ್ಲಿ ಸಿಗುತ್ತಿಲ್ಲ ಎಂಬುದು ನನ್ನದು. ಶನಿವಾರದ್ದು ಮಾತ್ರ ಅವರಿಗೆ ತಟ್ಟಿತು. ಅಂದು ಬೆಳಗಿನ ಶಾಲೆ, ಎಂಟಕ್ಕೆಲ್ಲ ಪ್ರಾರ್ಥನೆ, ಏಳೂವರೆಗೆ ಒಲೆ ಹಚ್ಚಿದರೆ ಮೊದಲ ಅಟ್ಟದ ಇಡ್ಲಿ ಬೇಯುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ. ವಾರದ ಉಳಿದ ಐದು ದಿನ ಬೀಳುವ ಗೀಟು ಆ ದಿನ ಒಂದು ಹೆಸರಿನ ಮುಂದೆಯೂ ಇರುವುದಿಲ್ಲ ಎಂಬುದನ್ನು ಅವರದೇ ಪುಸ್ತಕದಲ್ಲಿ ತೋರಿಸಿದೆ. ಕಳೆದ ಶನಿವಾರ ಏಳು ಗಂಟೆಗೆ ಆ ದಾರಿಯಲ್ಲಿ ಹೋದಾಗ ಒಲೆ ಆಗಲೇ ಉರಿಯುತ್ತಿತ್ತು, ಬೆಂಚಿನ ಮೇಲೆ ನಾಲ್ವರು ಹುಡುಗಿಯರು ಕೂತಿದ್ದರು, ಚಟ್ನಿ ಮಾತ್ರ ಇನ್ನೂ ರುಬ್ಬಿ ಆಗಿರಲಿಲ್ಲ.